ಆಸ್ತಿಗೊಂದು ಮದುವೆ: ಕಾನೂರಿನಿಂದ ‘ಬೆಳ್ಳಿಮೋಡ’ದವರೆಗೆ

1967ರಲ್ಲಿ ಮಲೆನಾಡಿನ ಇಬ್ಬರು ಹುಡುಗಿಯರು ತಮಗೆ ಗೊತ್ತಾಗಿದ್ದ ಮದುವೆಯನ್ನು ಬೇಡವೆಂದರು. ಒಬ್ಬಳು ಚಿನ್ನಮ್ಮ. ಹೂವಳ್ಳಿಯ ಮನೆಯಿಂದ, ಮದುವೆ ಹತ್ತಿರ ಬಂದಾಗ, ಕತ್ತಲಲ್ಲಿ ಕಾಡು ಹಿಡಿದು ಹೊರಟವಳು. ಇನ್ನೊಬ್ಬಳು ಇಂದಿರಾ. ಕಾಫಿ ತೋಟದ ಬಂಗಲೆಯಲ್ಲಿ, ಹಾಡುಹಗಲಿನಲ್ಲಿ, ಎದುರಿಗೆ ನಿಂತು ಬೇಡುತ್ತಿದ್ದ ವರನಿಗೆ ಇಲ್ಲವೆಂದವಳು. ಚಿನ್ನಮ್ಮ ಬಂದದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ. ಇಂದಿರಾ ಬಂದದ್ದು ಪುಟ್ಟಣ್ಣ ಕಣಗಾಲ್ ಅವರ ‘ಬೆಳ್ಳಿಮೋಡ’ ಚಿತ್ರದಲ್ಲಿ. ಇಬ್ಬರ ಮದುವೆಯನ್ನೂ ಗೊತ್ತುಮಾಡಿದ್ದು ಪ್ರೀತಿಯಲ್ಲ. ಒಂದು ಕಡೆ ತಂದೆಗೆ ಅನುಕೂಲವಾದ ನೆಂಟಸ್ತನ, ಇನ್ನೊಂದು ಕಡೆ ವರನಿಗೆ ಅನುಕೂಲವಾದ ಆಸ್ತಿ.

ಒಂದೇ ವರ್ಷದಲ್ಲಿ ಇವೆರಡು ಬಂದದ್ದನ್ನು ಕಾಕತಾಳೀಯವೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಅದರ ಹಿಂದೆ ಸುಮಾರು ಮೂವತ್ತು ವರ್ಷಗಳ ಕಥೆಯಿದೆ. ಅದರ ಒಂದು ಎಳೆ ತೀರ್ಥಹಳ್ಳಿಯ ಮಲೆಗಳಲ್ಲಿದ್ದರೆ ಇನ್ನೊಂದು ಮದರಾಸಿನ ಸ್ಟುಡಿಯೋಗಳಲ್ಲಿದೆ. ಮೂರನೆಯದು ಮೈಸೂರಿನ ಕಾನೂನಿನಲ್ಲಿದೆ.

ಮೊದಲು ಈ ಸೀಮೆಯ ಮದುವೆಯ ಲೆಕ್ಕವನ್ನು ನೋಡಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಊರೆಂದರೆ ಒತ್ತೊತ್ತಾದ ಬೀದಿಗಳಲ್ಲ. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ಅಡಿಕೆ ತೋಟ, ತಗ್ಗಿನಲ್ಲಿ ಗದ್ದೆ, ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ. ಇಷ್ಟೂ ಕೂಡಿದರೇ ಒಂದು ಸಂಸಾರದ ಬದುಕು. ಇದನ್ನು ಹೋಳು ಮಾಡಿದರೆ ಯಾರ ಪಾಲಿಗೂ ಸಾಲದು. ಹಾಗಾಗಿ ಸೋದರಿಕೆಯ ಮದುವೆಗೆ ಇಲ್ಲಿ ಬೆಲೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದರೆ ತೋಟ ಮನೆಯಲ್ಲೇ ಉಳಿಯುತ್ತದೆಂಬ ಲೆಕ್ಕ. ದೀವರಂಥ ಸಮುದಾಯಗಳಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಮನೆಯ ಕೆಲಸಕ್ಕೂ ಗದ್ದೆಯ ಕೆಲಸಕ್ಕೂ ಎರಡು ಕೈ ಹೆಚ್ಚುತ್ತದೆ ಎಂಬುದು ಅಲ್ಲಿಯ ಲೆಕ್ಕ. ಬೇರೆ ಕೆಲವು ಮನೆಗಳಲ್ಲಿ ವರದಕ್ಷಿಣೆ ನಿಧಾನವಾಗಿ ಕಾಲಿಟ್ಟಿತು. ಪದ್ಧತಿ ಯಾವುದೇ ಇರಲಿ, ಮಾತುಕತೆಗೆ ಚಾವಡಿಯಲ್ಲಿ ಕೂತವರು ಗಂಡಸರು. ಒಳಗಿದ್ದ ಹುಡುಗಿಗೆ ತೀರ್ಮಾನ ಆಮೇಲೆ ತಿಳಿಯುತ್ತಿತ್ತು.

ಗಂಡು ಸಂತಾನವಿಲ್ಲದ ಮನೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತಿತ್ತು. ಆಗ ದತ್ತು ತೆಗೆದುಕೊಳ್ಳಬೇಕು, ಇಲ್ಲವೇ ಮನೆ ಅಳಿಯನನ್ನು ತರಬೇಕು. ಒಬ್ಬಳೇ ಮಗಳಿರುವ ಮನೆಗೆ ವರನಾಗಿ ಬರುವವನು ಹುಡುಗಿಯ ಜೊತೆಗೆ ತೋಟವನ್ನೂ ನೋಡುತ್ತಾನೆ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಪುಟ್ಟಣ್ಣನವರ ಚಿತ್ರಕ್ಕೆ ಮೂಲವಾದ ‘ಬೆಳ್ಳಿಮೋಡ’ ಕಾದಂಬರಿಯನ್ನು ತ್ರಿವೇಣಿಯವರು ಕಟ್ಟಿದ್ದು ಇಂಥ ಮನೆಯೊಂದರ ಮೇಲೆ.

ಕಾನೂನು ಸಹ 1930ರ ದಶಕದ ಹೊತ್ತಿಗೆ ಅಲುಗಾಡತೊಡಗಿತ್ತು. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ತಂದಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರ ಆಸ್ತಿ ಹಕ್ಕಿನ ಕಾಯ್ದೆ ಬಂದದ್ದು 1937ರಲ್ಲಿ. ಮೈಸೂರು ಅದಕ್ಕಿಂತ ನಾಲ್ಕು ವರ್ಷ ಮುಂದಿತ್ತು. ಕುಟುಂಬದ ಆಸ್ತಿ ಹಿಸ್ಸೆಯಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಒಂದು ಪಾಲು ಎಂದು ಈ ಕಾಯ್ದೆ ಹೇಳಿತು. ಮಗಳ ಪಾಲು ಸಹೋದರನ ಪಾಲಿನ ನಾಲ್ಕನೇ ಒಂದು ಭಾಗ. ಅದೂ ಮದುವೆಯಾಗುವವರೆಗೆ ಮಾತ್ರ. ಮದುವೆಯಾಯಿತೆಂದರೆ ಹುಡುಗಿ ಆ ಮನೆಯ ಲೆಕ್ಕದ ಪುಸ್ತಕದಿಂದ ಹೊರಗೆ. ಕಾಯ್ದೆ ಅಂದಿಗೆ ಬಹು ದೊಡ್ಡ ಹೆಜ್ಜೆ ಎಂಬುದು ನಿಜ; ಆದರೆ ಮದುವೆಯೇ ಆಸ್ತಿಯ ಗಡಿಗೆರೆ ಎಂಬ ಹಳೆಯ ಮಾತನ್ನು ಅದೂ ಒಪ್ಪಿಕೊಂಡಿತ್ತು.

ಇನ್ನು 1936ಕ್ಕೆ ಬರೋಣ. ಆ ವರ್ಷ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಪ್ರಕಟವಾಯಿತು. ಕಾನೂರಿನ ಚಂದ್ರಯ್ಯಗೌಡರು ವಯಸ್ಸು ಮೀರಿದ ಮೇಲೆ ಮೂರನೆಯ ಹೆಂಡತಿಯಾಗಿ ನೆಲ್ಲುಹಳ್ಳಿಯ ಸುಬ್ಬಮ್ಮನನ್ನು ತರುತ್ತಾರೆ. ಸುಬ್ಬಮ್ಮನ ತವರಿಗೆ ದೊಡ್ಡ ಮನೆಯ ಸಂಬಂಧ ಸಿಕ್ಕಿತು, ಗೌಡರಿಗೆ ಹರೆಯದ ಹೆಂಡತಿ ಸಿಕ್ಕಳು. ಸುಬ್ಬಮ್ಮನಿಗೆ ಸಿಕ್ಕಿದ್ದು ಹೆಗ್ಗಡಿತಿ ಎಂಬ ಹೆಸರು. ಅದೇ ಕಾದಂಬರಿಯ ಸೀತೆ ಹೂವಯ್ಯನಿಗೆ ಮನಸ್ಸು ಕೊಟ್ಟಿದ್ದರೂ ಹಿರಿಯರು ಅವಳ ಮದುವೆಯನ್ನು ಬೇರೆ ಕಡೆ ಗೊತ್ತುಮಾಡುತ್ತಾರೆ. ಈ ಮದುವೆಗಳಿಂದ ಒಂದು ಕೂಡು ಕುಟುಂಬವೇ ಹೇಗೆ ಒಡೆಯಿತೆಂಬುದನ್ನು ಕುವೆಂಪು ನೂರಾರು ಪುಟಗಳಲ್ಲಿ ಬಿಡಿಸಿಟ್ಟರು. ಆಗ ಅವರಿಗೆ ಮೂವತ್ತೆರಡರ ಆಸುಪಾಸಿನ ವಯಸ್ಸು. ಕುಪ್ಪಳಿಯ ಮನೆಯಲ್ಲಿ ಬೆಳೆದವರು ಕಂಡು ಕೇಳಿದ್ದ ಲೋಕ ಅದು. ಸುಬ್ಬಮ್ಮನ ಮೇಲೆ ಅವರಿಗಿರುವ ಕರುಣೆ ಓದುಗರನ್ನು ಇಂದಿಗೂ ತಟ್ಟುತ್ತದೆ. ಆದರೆ ಆ ಕಾದಂಬರಿಯಲ್ಲಿ ಸುಬ್ಬಮ್ಮನಿಗೆ ಬೇಡವೆನ್ನುವ ಬಾಯಿ ಇರಲಿಲ್ಲ.

ಅದೇ 1936ರಲ್ಲಿ ಮದರಾಸಿನಲ್ಲಿ ತಯಾರಾದ ‘ಸಂಸಾರ ನೌಕೆ’ ತೆರೆಗೆ ಬಂತು. ಕನ್ನಡದ ಮಾತಿನ ಚಿತ್ರಗಳಿಗೆ ಆಗ ಎರಡು ವರ್ಷ ತುಂಬಿತ್ತಷ್ಟೆ. ಮೊದಲು ತಯಾರಾದದ್ದು ‘ಭಕ್ತ ಧ್ರುವ’ವೋ ಮೊದಲು ತೆರೆಕಂಡ ‘ಸತಿ ಸುಲೋಚನ’ವೋ ಎಂಬ ಚರ್ಚೆಯನ್ನು ಚಿತ್ರರಂಗದ ಇತಿಹಾಸಕಾರರು ಆಗಾಗ ಎತ್ತುತ್ತಾರೆ, 1934ರ ಮಾರ್ಚ್ 3ರಂದು ಪ್ರೇಕ್ಷಕರ ಮುಂದೆ ಬಂದ ‘ಸತಿ ಸುಲೋಚನ’ಕ್ಕೇ ಸಾಮಾನ್ಯವಾಗಿ ಆ ಗೌರವ ಸಲ್ಲುತ್ತದೆ. ಎರಡೂ ಪುರಾಣದ ಕಥೆಗಳು. ಕಿರೀಟ ಬಿಟ್ಟು ಪಂಚೆ ಕೋಟು ತೊಟ್ಟ ಮೊದಲ ಕನ್ನಡ ಸಾಮಾಜಿಕ ಚಿತ್ರ ‘ಸಂಸಾರ ನೌಕೆ’. ಎಚ್.ಎಲ್.ಎನ್. ಸಿಂಹ ಅವರ ರಂಗನಾಟಕವೇ ಅದಕ್ಕೆ ಮೂಲ, ನಿರ್ದೇಶನವೂ ಅವರದೇ. ನಾಯಕ ಸುಂದರನಾಗಿ ಬಿ.ಆರ್. ಪಂತುಲು, ನಾಯಕಿ ಸರಳೆಯಾಗಿ ಎಂ.ವಿ. ರಾಜಮ್ಮ. ಹಿರಿಯರು ತೋರಿಸಿದ ಸಂಬಂಧವನ್ನು ಬಿಟ್ಟು ತಾನು ಮೆಚ್ಚಿದವಳನ್ನು ಸುಂದರ ಮದುವೆಯಾಗುತ್ತಾನೆ. ಅದಕ್ಕೆ ಪ್ರತಿಯಾಗಿ ಮನೆಯ ಆಸರೆಯನ್ನು ಕಳೆದುಕೊಳ್ಳುತ್ತಾನೆ. ಮುಂದಿನ ಕಥೆಯೆಲ್ಲ ಆ ಸಂಸಾರ ಪಡುವ ಪಾಡು.

ಆ ಚಿತ್ರದಲ್ಲೂ ಆಯ್ಕೆ ಗಂಡಿನದು. ಹೆಣ್ಣಿನ ಪಾಲಿಗೆ ಬಂದದ್ದು ತಾಳ್ಮೆ. ಹಾಗೆಂದು ಅದನ್ನು ಹಗುರವಾಗಿ ಕಾಣಲಾಗದು. ಆಸ್ತಿ ಹೋದರೂ ಸರಿ, ಮನಸ್ಸಿಗೆ ಬಂದವಳೊಡನೆ ಬಾಳುತ್ತೇನೆಂದು ಒಬ್ಬ ನಾಯಕ ಹೇಳಿದ್ದು ಅಂದಿನ ಮನೆಗಳಿಗೆ ದೊಡ್ಡ ಮಾತೇ. ಸರಳೆಯ ಪಾತ್ರ ಮಾಡಿದ ರಾಜಮ್ಮನವರು 1943ರಲ್ಲಿ ‘ರಾಧಾ ರಮಣ’ ಚಿತ್ರಕ್ಕೆ ಹಣ ಹೂಡಿ ಕನ್ನಡದ ಮೊದಲ ನಿರ್ಮಾಪಕಿಯಾದರು. ತೆರೆಯ ಮೇಲೆ ಸಹಿಸುವ ಸೊಸೆ, ತೆರೆಯ ಹಿಂದೆ ತನ್ನ ದುಡ್ಡಿನ ಲೆಕ್ಕವನ್ನು ತಾನೇ ಬರೆದ ಹೆಣ್ಣು.

ಅಮೆರಿಕದ ಚಿತ್ರಗಳಲ್ಲಿ ಅನುಕೂಲದ ಮದುವೆ ಅಷ್ಟು ಹೊತ್ತಿಗೆ ಚೆನ್ನಾಗಿ ಪಳಗಿದ್ದ ವಸ್ತು. ಬೇರೆ ದಾರಿಯಿಲ್ಲದೆ ಒಂದು ಹೆಣ್ಣು, ಗುರುತು ಪರಿಚಯ ಅಷ್ಟಾಗಿ ಇಲ್ಲದ ಗಂಡಿನ ಹೆಂಡತಿಯಾಗುತ್ತಾಳೆ. ಒಂದೇ ಸೂರಿನ ಕೆಳಗೆ ಅಪರಿಚಿತರಂತೆ ಬದುಕುತ್ತಾರೆ. ಕೊನೆಗೆ ಪ್ರೀತಿ ಹುಟ್ಟುತ್ತದೆ. ಇದರ ಬಹು ಗಂಭೀರ ರೂಪ 1928ರ ‘ದಿ ವಿಂಡ್’. ಎಂಜಿಎಂ ಸಂಸ್ಥೆಗೆ ಸ್ವೀಡನ್ನಿನ ವಿಕ್ಟರ್ ಶೋಸ್ಟ್ರೋಮ್ ನಿರ್ದೇಶಿಸಿದ ಮೂಕಿ ಚಿತ್ರ ಅದು. ವರ್ಜೀನಿಯಾದಿಂದ ಟೆಕ್ಸಾಸ್‌ನ ಬಯಲಿಗೆ ಬಂದ ಲೆಟ್ಟಿಗೆ ನೆಂಟರ ಮನೆಯಲ್ಲಿ ಜಾಗವಿಲ್ಲ. ನಿಲ್ಲಲು ನೆಲೆಯಿಲ್ಲದೆ ಲೈಜ್ ಎಂಬ ಒರಟನನ್ನು ಮದುವೆಯಾಗುತ್ತಾಳೆ. ಅವಳಿಗೆ ತನ್ನ ಮೇಲೆ ಪ್ರೀತಿಯಿಲ್ಲವೆಂದು ತಿಳಿದ ದಿನ ಅವನು ಅವಳನ್ನು ಮುಟ್ಟುವುದಿಲ್ಲವೆಂದು ಮಾತು ಕೊಡುತ್ತಾನೆ, ದುಡ್ಡು ಕೂಡಿಸಿ ತವರಿಗೆ ಕಳಿಸುತ್ತೇನೆನ್ನುತ್ತಾನೆ. ಹಗಲಿರುಳು ಬೀಸುವ ಮರಳುಗಾಳಿಯಲ್ಲಿ ಅವಳ ಮನಸ್ಸು ಕದಡುತ್ತದೆ. ಲೆಟ್ಟಿಯಾಗಿ ಲಿಲಿಯನ್ ಗಿಶ್ ಮಾಡಿದ ಅಭಿನಯಕ್ಕೆ ಮಾತಿನ ಅಗತ್ಯವೇ ಇರಲಿಲ್ಲ. ಮೊಹಾವಿ ಮರುಭೂಮಿಯ ಸುಡು ಬಿಸಿಲಿನಲ್ಲಿ, ವಿಮಾನದ ಪಂಖಗಳನ್ನು ತಿರುಗಿಸಿ ಎಬ್ಬಿಸಿದ ಗಾಳಿಯ ಎದುರು ಅವರು ನಟಿಸಿದರು.

ಡೊರೊಥಿ ಸ್ಕಾರ್ಬರೊ 1925ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಲೆಟ್ಟಿ ಹುಚ್ಚಾಗಿ ಗಾಳಿಯೊಳಗೆ ನಡೆದು ಹೋಗುತ್ತಾಳೆ. ಚಿತ್ರದಲ್ಲಿ ಮಾತ್ರ ಗಂಡನ ಮೇಲೆ ಅವಳಿಗೆ ಪ್ರೀತಿ ಹುಟ್ಟುತ್ತದೆ, ಇಬ್ಬರೂ ಬಾಗಿಲಲ್ಲಿ ನಿಂತು ಗಾಳಿಗೆ ಎದೆಯೊಡ್ಡುತ್ತಾರೆ. ಸ್ಟುಡಿಯೋದವರು ಬಲವಂತವಾಗಿ ಈ ಸುಖಾಂತ್ಯವನ್ನು ಅಂಟಿಸಿದರೆಂದು ಗಿಶ್ ಮುಂದೆ ಹೇಳುತ್ತಿದ್ದರು. ದುರಂತದ ಕೊನೆಯೊಂದನ್ನು ಚಿತ್ರೀಕರಿಸಿದ್ದಕ್ಕೆ ಪುರಾವೆ ಇಲ್ಲವೆಂದು ಕೆಲವು ಇತಿಹಾಸಕಾರರು ಆ ಮಾತನ್ನು ಒಪ್ಪುವುದಿಲ್ಲ. ಯಾರ ತೀರ್ಮಾನವೇ ಆಗಿರಲಿ, ಅನುಕೂಲಕ್ಕಾದ ಮದುವೆ ಕಡೆಯಲ್ಲಿ ಪ್ರೀತಿಯ ಮದುವೆಯಾಗಲೇಬೇಕೆಂಬುದು ಹಾಲಿವುಡ್‌ನ ಕಟ್ಟಳೆಯೇ ಆಗಿಹೋಯಿತು. 1934ರ ನಡುವಿನಿಂದ ಚಿತ್ರಗಳ ನೀತಿಸಂಹಿತೆ ಬಿಗಿಯಾದ ಮೇಲಂತೂ ನಾಯಕ ನಾಯಕಿಯನ್ನು ಒಂದೇ ಮನೆಯಲ್ಲಿ ತೋರಿಸಬೇಕಾದರೆ ತಾಳಿಯಂಥ ರಕ್ಷಣೆ ಇನ್ನೊಂದಿರಲಿಲ್ಲ.

ಕನ್ನಡದಲ್ಲಿ ಈ ಕಟ್ಟಳೆ ಮುರಿದದ್ದು ಗುರುಶಿಷ್ಯರ ಸಾಲೊಂದರಲ್ಲಿ. ‘ಸಂಸಾರ ನೌಕೆ’ಯ ಸುಂದರನಾಗಿದ್ದ ಪಂತುಲು ಮುಂದೆ ಪದ್ಮಿನಿ ಪಿಕ್ಚರ್ಸ್ ಕಟ್ಟಿ 1958ರಲ್ಲಿ ‘ಸ್ಕೂಲ್ ಮಾಸ್ಟರ್’, 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ ಚಿತ್ರಗಳನ್ನು ಮಾಡಿದರು. ಅವರ ಕೈಕೆಳಗೆ ಕೆಲಸ ಕಲಿತವರು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನ ಬಡ ಬ್ರಾಹ್ಮಣ ಮನೆಯ ಹುಡುಗ ಪುಟ್ಟಣ್ಣ. 1963ರಲ್ಲಿ ‘ಸಾಕು ಮಗಳು’ ಚಿತ್ರದಲ್ಲಿ ಹೊಸ ಹುಡುಗಿಯೊಬ್ಬಳಿಗೆ ಅವಕಾಶ ಕೊಟ್ಟವರೂ ಪಂತುಲು ಅವರೇ. ಆ ಹುಡುಗಿ ಕಲ್ಪನಾ. ಮನೆಯವರ ಮಾತು ಮೀರಿ ಮದುವೆಯಾದ 1936ರ ನಾಯಕ, ಮದುವೆಯನ್ನೇ ಒಲ್ಲೆನೆಂದ 1967ರ ನಾಯಕಿಯನ್ನೂ ಅವಳ ನಿರ್ದೇಶಕನನ್ನೂ ಚಿತ್ರರಂಗಕ್ಕೆ ಕರೆತಂದಂತಾಯಿತು.

ಪುಟ್ಟಣ್ಣ ಸ್ವತಂತ್ರವಾಗಿ ನಿರ್ದೇಶನಕ್ಕಿಳಿದದ್ದು ಮಲಯಾಳದಲ್ಲಿ. 1964ರಲ್ಲಿ ಗುರುವಿನ ‘ಸ್ಕೂಲ್ ಮಾಸ್ಟರ್’ ಕಥೆಯನ್ನೇ ಅಲ್ಲಿ ತೆಗೆದರು. ಕನ್ನಡದಲ್ಲಿ ಪೂರ್ಣ ಪ್ರಮಾಣದ ಮೊದಲ ಚಿತ್ರಕ್ಕೆ ಅವರು ಆರಿಸಿಕೊಂಡದ್ದು ತ್ರಿವೇಣಿಯವರ ಕಾದಂಬರಿ. ತ್ರಿವೇಣಿ ಎಂಬುದು ಅನಸೂಯಾ ಶಂಕರ್ ಅವರ ಕಾವ್ಯನಾಮ. 1928ರಲ್ಲಿ ಹುಟ್ಟಿದ ಅವರು ಬಿ.ಎಂ.ಶ್ರೀ ಅವರ ಮನೆತನದವರು, ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಹೆಣ್ಣಿನ ಮನಸ್ಸಿನ ಒಳಗನ್ನು ಕನ್ನಡದ ಜನಪ್ರಿಯ ಕಾದಂಬರಿಗೆ ತಂದವರಲ್ಲಿ ಅವರಿಗೆ ಮೊದಲ ಸಾಲಿನ ಜಾಗ. 1963ರ ಜುಲೈನಲ್ಲಿ, ಹೆರಿಗೆಯಾದ ಕೆಲವೇ ದಿನಗಳಿಗೆ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ತಮ್ಮ ಇಂದಿರೆಯನ್ನು ತೆರೆಯ ಮೇಲೆ ಅವರು ನೋಡಲಿಲ್ಲ.

‘ಬೆಳ್ಳಿಮೋಡ’ದ ಕಥೆ ಬಲು ಸರಳ. ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಬೆಳ್ಳಿಮೋಡ ಎಂಬುದು ಒಂದು ಎಸ್ಟೇಟ್. ಯಜಮಾನರಾಗಿ ಕೆ.ಎಸ್. ಅಶ್ವತ್ಥ್, ಯಜಮಾನಿಯಾಗಿ ಪಂಢರಿಬಾಯಿ. ಅವರ ಒಬ್ಬಳೇ ಮಗಳು ಇಂದಿರಾ. ಪರಿಚಿತರ ಮನೆಯ ಹುಡುಗ ಮೋಹನನಿಗೆ ಅಮೆರಿಕಕ್ಕೆ ಹೋಗಿ ಓದುವ ಹಂಬಲ, ಕೈಯಲ್ಲಿ ದುಡ್ಡಿಲ್ಲ. ಇಂದಿರೆಯ ತಂದೆ ಓದಿನ ಖರ್ಚು ಹೊರುತ್ತಾರೆ; ಹುಡುಗ ಅಳಿಯನಾಗಿ ತೋಟ ನೋಡಿಕೊಳ್ಳುತ್ತಾನೆಂಬ ಭರವಸೆ ಅವರದು. ಕಲ್ಯಾಣ್‌ಕುಮಾರ್ ಮಾಡಿದ ಮೋಹನ ಕೆಟ್ಟವನೇನಲ್ಲ, ಲೆಕ್ಕ ಬಲ್ಲವನು. ಇಂದಿರೆಯ ಕಣ್ಣಿಗೆ ಇದು ಪ್ರೀತಿ. ಅವನು ಸಮುದ್ರದಾಚೆ ಓದುತ್ತಿರುವಾಗ ಯಾರೂ ಎಣಿಸದೆ ಇದ್ದದ್ದು ನಡೆಯುತ್ತದೆ: ಇಂದಿರೆಯ ತಾಯಿ ಗಂಡು ಮಗುವನ್ನು ಹೆರುತ್ತಾಳೆ.

ಮೂವತ್ತು ವರ್ಷಗಳ ಕಥೆ ಇಲ್ಲಿ ತಿರುಗುತ್ತದೆ ಎನ್ನಬೇಕು. ಒಂದು ಹಸುಗೂಸು ಹುಟ್ಟಿದ್ದರಿಂದ ಒಂದು ಪ್ರೇಮಕಥೆ ಮುರಿದು ಬೀಳುತ್ತದೆ. ಹುಡುಗಿ ಅದೇ ಹುಡುಗಿ. ರೂಪ, ಗುಣ, ನಗು ಯಾವುದೂ ಬದಲಾಗಿಲ್ಲ. ಬದಲಾದದ್ದು ಅವಳ ಹೆಸರಿಗೆ ಬರಲಿದ್ದ ತೋಟ ಮಾತ್ರ. ಹಿಂದಿರುಗಿದ ಮೋಹನ ಜಾರಿಕೊಳ್ಳುತ್ತಾನೆ. ಈ ಸಂಬಂಧ ಮುರಿಯಲು ತ್ರಿವೇಣಿ ಖಳನಾಯಕನನ್ನು ತರಲಿಲ್ಲ, ಅಪಘಾತವನ್ನೋ ತಪ್ಪು ತಿಳಿವಳಿಕೆಯನ್ನೋ ತರಲಿಲ್ಲ. ಸಂತಸದ ಸಂಗತಿಯಿಂದಲೇ ದುಃಖವನ್ನು ಹುಟ್ಟಿಸಿದರು. ತಮ್ಮ ಹುಟ್ಟಿದ್ದಕ್ಕೆ ಅಕ್ಕನಾದವಳು ಅಳುವಂತೆಯೂ ಇಲ್ಲ. ಅದೇ ಮಗುವನ್ನು ಎತ್ತಿ ಆಡಿಸುತ್ತ ಅವಳು ತನ್ನ ಬಾಳು ಕುಸಿದದ್ದನ್ನು ನೋಡಬೇಕು. ಕನ್ನಡ ಕಾದಂಬರಿಯಲ್ಲಿ ಆಸ್ತಿಯ ಕ್ರೌರ್ಯವನ್ನು ಇಷ್ಟು ಮೆತ್ತಗೆ, ಇಷ್ಟು ಮರೆಯಲಾಗದಂತೆ ಹೇಳಿದ ಇನ್ನೊಂದು ಸಂದರ್ಭವನ್ನು ನಾನು ಓದಿಲ್ಲ.

ಅಂದಿನ ಕಾನೂನನ್ನು ಪಕ್ಕದಲ್ಲಿಟ್ಟರೆ ಮೋಹನನ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಿತ್ತು. ಉಯಿಲು ಬರೆಯದೆ ತಂದೆ ತೀರಿದರೆ ಅವನ ಸ್ವಂತ ಗಳಿಕೆಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಅದು ಹೇಳಿತ್ತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳದೇ ಆಗಿ ಉಳಿಯಿತು. ತಂದೆಯ ಪಾಲಿನಲ್ಲಿ ಸಿಗುವ ಚೂರು ಮಾತ್ರ ಮಗಳದು. ತೊಟ್ಟಿಲ ಕೂಸು ಅಕ್ಕನಿಗಿಂತ ದೊಡ್ಡ ಹಿಡುವಳಿದಾರ. ಇನ್ನು ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ವರನ ವಿದೇಶದ ಓದಿಗೆ ಮಾವ ಕೊಡುವ ದುಡ್ಡನ್ನು ಆಗ ಯಾರೂ ವರದಕ್ಷಿಣೆಯೆಂದು ಕರೆಯುತ್ತಿರಲಿಲ್ಲ. ಉಪಕಾರವೆನ್ನುತ್ತಿದ್ದರು.

ಚಿತ್ರವನ್ನು ಟಿ.ಎನ್. ಶ್ರೀನಿವಾಸನ್ ನಿರ್ಮಿಸಿದರು. ಛಾಯಾಗ್ರಹಣ ಆರ್.ಎನ್.ಕೆ. ಪ್ರಸಾದ್ ಅವರದು, ಗೀತೆಗಳು ಆರ್.ಎನ್. ಜಯಗೋಪಾಲ್ ಅವರವು; ಇಬ್ಬರೂ ‘ಸತಿ ಸುಲೋಚನ’ದ ಆರ್. ನಾಗೇಂದ್ರರಾಯರ ಮಕ್ಕಳು. ವಿಜಯಭಾಸ್ಕರ್ ಸಂಗೀತದಲ್ಲಿ ಬೇಂದ್ರೆಯವರ ‘ಬೆಳಗು’ ಕವಿತೆ ಎಸ್. ಜಾನಕಿಯವರ ದನಿಯಲ್ಲಿ ಮನೆಮನೆಯ ಹಾಡಾಯಿತು. ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋ ಗೋಡೆಗಳ ನಡುವೆಯೇ ಮುಗಿಯುತ್ತಿದ್ದ ಕಾಲದಲ್ಲಿ ಪುಟ್ಟಣ್ಣ ಕ್ಯಾಮೆರಾವನ್ನು ಮಲೆನಾಡಿನ ಗುಡ್ಡಗಳಿಗೆ ಹೊತ್ತರು. ಕಪ್ಪು ಬಿಳುಪಿನಲ್ಲೇ ಮಂಜು, ಬಿಸಿಲು, ಬೆಟ್ಟದ ನೆರಳುಗಳನ್ನು ಪ್ರಸಾದ್ ಹಿಡಿದಿಟ್ಟರು. ಎಲ್ಲರೂ ಆಸೆಪಡುವ ಆ ತೋಟವನ್ನು ಕಣ್ಣಾರೆ ತೋರಿಸಿದ್ದರಿಂದಲೇ ಮೋಹನನ ಆಸೆ ನಂಬುವಂತಾಯಿತು. ನೆಲ ಅಷ್ಟು ಚೆಲುವಾಗಿ ಕಾಣದಿದ್ದರೆ ಈ ಕಥೆ ಅರ್ಧಕ್ಕರ್ಧ ಸತ್ವ ಕಳೆದುಕೊಳ್ಳುತ್ತಿತ್ತು.

ಕೊನೆಯ ಭಾಗದಲ್ಲಿ ಮೋಹನ ಬಿದ್ದು ಪೆಟ್ಟಾಗಿ ಬೆಳ್ಳಿಮೋಡದಲ್ಲೇ ಮಲಗುತ್ತಾನೆ. ಇಂದಿರಾ ಅವನ ಆರೈಕೆ ಮಾಡುತ್ತಾಳೆ. ಇಲ್ಲಿ ಹಾಲಿವುಡ್‌ನ ಹಳೆಯ ದಾರಿ ಕಣ್ಣೆದುರಿಗೇ ತೆರೆದಿತ್ತು: ಒಂದೇ ಸೂರು, ದಿನದಿನದ ಶುಶ್ರೂಷೆ, ಕರಗಿದ ಮನಸ್ಸು, ಮದುವೆ. ಮೋಹನನ ಮನಸ್ಸು ನಿಜಕ್ಕೂ ಕರಗುತ್ತದೆ. ಈ ಸಲ ಅವನು ತೋಟ ಕೇಳುತ್ತಿಲ್ಲ, ಅವಳನ್ನೇ ಕೇಳುತ್ತಿದ್ದಾನೆ. ಆಗ ಇಂದಿರಾ ಒಪ್ಪುವುದಿಲ್ಲ. ಹೀಗೆ ಬಿದ್ದು ಮಲಗಿದವಳು ತಾನಾಗಿದ್ದರೆ ನೀನು ಕೈ ಹಿಡಿಯುತ್ತಿದ್ದೆಯಾ ಎಂಬುದು ಅವಳ ನಿಲುವಿನ ತಿರುಳು. ಲೆಟ್ಟಿಗೆ ಗಾಳಿಯಿಂದ ತಪ್ಪಿಸಿಕೊಳ್ಳಲು ಗಂಡನ ಮನೆಯೊಂದೇ ಇತ್ತು. ಇಂದಿರೆಗೆ ತನ್ನದೆನ್ನುವ ಮನೆ ಇತ್ತು, ಬೆಳೆಸಬೇಕಾದ ತಮ್ಮನಿದ್ದ, ಬೇಡವೆನ್ನುವ ಧೈರ್ಯ ಅವಳಿಗೆ ಅಲ್ಲಿಂದ ಬಂತು.

ಈ ಕೊನೆಯ ಬಗ್ಗೆ ಓದುಗರಲ್ಲೂ ವಿಮರ್ಶಕರಲ್ಲೂ ಒಮ್ಮತವಿಲ್ಲ. ಇದು ಸ್ವಾಭಿಮಾನದ ಗೆಲುವೆಂದು ಒಂದು ಓದು. ಹೆಣ್ಣು ಕೊನೆಗೂ ಒಂಟಿಯಾಗಿ, ತಮ್ಮನ ತಾಯಿಯಾಗಿ ಉಳಿಯುವ ಇದು ತ್ಯಾಗದ ಹಳೆಯ ಆದರ್ಶವೇ ಎಂದು ಇನ್ನೊಂದು ಓದು. ಎರಡನೆಯ ಮಾತಿನಲ್ಲೂ ಹುರುಳಿದೆ. ಆದರೂ ನನ್ನ ತೀರ್ಮಾನ ಮೊದಲನೆಯ ಕಡೆಗೇ. ತ್ಯಾಗ ಮಾಡುವವಳು ಇನ್ನೊಬ್ಬರ ಸುಖಕ್ಕಾಗಿ ಬಿಟ್ಟುಕೊಡುತ್ತಾಳೆ. ಇಂದಿರಾ ಯಾರ ಸುಖಕ್ಕೂ ಮೋಹನನನ್ನು ಬಿಡಲಿಲ್ಲ, ಅವನು ತನಗೆ ತಕ್ಕವನಲ್ಲವೆಂದು ಬಿಟ್ಟಳು.

ಇತ್ತ ಅದೇ ವರ್ಷಗಳಲ್ಲಿ ಮಲೆನಾಡಿನ ನಿಜವಾದ ಮದುವೆಗಳಲ್ಲೂ ಒಂದು ತಿರುವು ಕಾಣುತ್ತಿತ್ತು. 1966ರಲ್ಲಿ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ ನಡೆಯಿತು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ವಧೂವರರು ಸಮಾನರಾಗಿ ನಿಂತು ಒಪ್ಪಂದದ ಮಾತುಗಳನ್ನು ಓದಿ ಸಂಸಾರ ಆರಂಭಿಸಬೇಕು. ‘ಕಾನೂರು ಹೆಗ್ಗಡಿತಿ’ಯಲ್ಲಿ ಸುಬ್ಬಮ್ಮನಿಗೆ ಇಲ್ಲದ ಬಾಯನ್ನು ಕುವೆಂಪು ಮೂವತ್ತು ವರ್ಷಗಳ ನಂತರ ಎರಡು ರೀತಿಯಲ್ಲಿ ಕೊಟ್ಟರೆಂದು ನಾನು ಓದುತ್ತೇನೆ: ಬದುಕಿನಲ್ಲಿ ಮಂತ್ರಮಾಂಗಲ್ಯವಾಗಿ, ಬರಹದಲ್ಲಿ ಚಿನ್ನಮ್ಮನಾಗಿ. ಸಿಂಬಾವಿ ಭರಮೈ ಹೆಗ್ಗಡೆಗೆ ಎರಡನೆಯ ಹೆಂಡತಿಯಾಗಲು ಒಪ್ಪದೆ ಮುಕುಂದಯ್ಯನನ್ನು ಸೇರಲು ಹೊರಟ ಚಿನ್ನಮ್ಮನ ಆ ರಾತ್ರಿಯ ನಡಿಗೆ ಕನ್ನಡ ಕಾದಂಬರಿಯ ಬಹು ದೊಡ್ಡ ದೃಶ್ಯಗಳಲ್ಲಿ ಒಂದು.

‘ಬೆಳ್ಳಿಮೋಡ’ ಗೆದ್ದದ್ದರಿಂದ ಹೆಣ್ಣು ಬರೆದ ಕಾದಂಬರಿಗಳಿಗೆ ಚಿತ್ರರಂಗದ ಬಾಗಿಲು ತೆರೆಯಿತು. 1969ರಲ್ಲಿ ಪುಟ್ಟಣ್ಣ ‘ಗೆಜ್ಜೆಪೂಜೆ’ ತೆಗೆದರು. ಅದರ ಕಾದಂಬರಿಕಾರ್ತಿ ಎಂ.ಕೆ. ಇಂದಿರಾ 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯಲು ಕೂತವರು. ವೇಶ್ಯೆಯ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಮರ್ಯಾದೆಯ ಮದುವೆ ದಕ್ಕದ ಕಥೆ ಅದು. ಚಂದ್ರಾಳ ಪಾತ್ರ ಕಲ್ಪನಾ ಅವರದೇ. 1971ರ ‘ಶರಪಂಜರ’ದಲ್ಲಿ ಮತ್ತೆ ತ್ರಿವೇಣಿಯವರ ಕಥೆ, ಮತ್ತೆ ಕಲ್ಪನಾ. 1977ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಅದೇ ತಾಲ್ಲೂಕಿನ ಗಿರೀಶ್ ಕಾಸರವಳ್ಳಿ ‘ಘಟಶ್ರಾದ್ಧ’ವಾಗಿಸಿದರು. ಬಾಲವಿಧವೆಯನ್ನು ಬದುಕಿರುವಾಗಲೇ ಸತ್ತವಳೆಂದು ಎಣಿಸುವ ಚಿತ್ರ. ಕಲ್ಪನಾ 1979ರ ಮೇ ತಿಂಗಳಲ್ಲಿ, ಪುಟ್ಟಣ್ಣ 1985ರ ಜೂನ್‌ನಲ್ಲಿ ತೀರಿಕೊಂಡರು. ಇಬ್ಬರೂ ಇನ್ನಷ್ಟು ಕೆಲಸ ಮಾಡಬೇಕಾದ ವಯಸ್ಸಿನಲ್ಲೇ ಹೋದದ್ದು ಕನ್ನಡಕ್ಕೆ ಆದ ನಷ್ಟ.

ಶರಾವತಿ ದಡದ ಹೊಳೆಬಾಗಿಲಿನ ಕಡೆಯವರಿಗೆ ಈ ಕಥೆಯ ಇನ್ನೊಂದು ಮುಖವೂ ಗೊತ್ತು. ‘ಬೆಳ್ಳಿಮೋಡ’ಕ್ಕೆ ಮೂರು ವರ್ಷ ಮುಂಚೆ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿತು. ಗದ್ದೆ, ತೋಟ, ದೇವಸ್ಥಾನ, ದಾರಿ ಎಲ್ಲ ನೀರಿನಡಿಗೆ ಹೋದವು. ಮುಳುಗಿದ ಮನೆಗಳವರು ಎಲ್ಲೆಲ್ಲಿಗೋ ಚದುರಿದರು. ತುಮರಿ ಸೀಮೆ ದ್ವೀಪದಂತಾಗಿ ಲಾಂಚಿನ ಮೇಲೆ ನಿಂತಿತು. ಮದುವೆಯ ಲೆಕ್ಕದಲ್ಲಿ ತೋಟದ ಜೊತೆ ನೀರೂ ಸೇರಿಕೊಂಡಿತು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಲಾಂಚು ಸಿಗುತ್ತದೆಯೇ ಎಂದು ಹೆಣ್ಣು ಹೆತ್ತವರು ಕೇಳಿದರು, ದ್ವೀಪಕ್ಕೆ ಹೆಣ್ಣು ಕೊಡಲು ಹಿಂದೆಮುಂದೆ ನೋಡಿದರು. ಒಳ್ಳೆಯ ಹುಡುಗ, ಒಳ್ಳೆಯ ಮನೆ, ಆದರೆ ಹೊಳೆಯಾಚೆ ಎಂದು ಕೈಬಿಟ್ಟುಹೋದ ಸಂಬಂಧಗಳು ಎಷ್ಟೋ. ಮುಳುಗಡೆಯ ಈ ಬದುಕನ್ನು ಸಾಗರದ ನಾ. ಡಿಸೋಜ ತಮ್ಮ ಕಾದಂಬರಿಗಳಲ್ಲಿ ಹಿಡಿದರು. ಅವರ ‘ದ್ವೀಪ’ವನ್ನು ಕಾಸರವಳ್ಳಿ 2002ರಲ್ಲಿ ಚಿತ್ರ ಮಾಡಿದಾಗ ನಾಯಕಿ ನಾಗಿಯ ಪಾತ್ರವನ್ನೂ ನಿರ್ಮಾಣದ ಹೊಣೆಯನ್ನೂ ಹೊತ್ತವರು ಸೌಂದರ್ಯ. ತುಮರಿಯನ್ನು ದಡಕ್ಕೆ ಕೂಡಿಸುವ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ.

ಇತ್ತ ನೆಲದ ಲೆಕ್ಕವೂ ಬದಲಾಗುತ್ತ ಬಂದಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. 1974ರ ಭೂಸುಧಾರಣೆಯಲ್ಲಿ ಉಳುವವರಿಗೆ ಭೂಮಿ ಬಂತು. ಗದ್ದೆಯಲ್ಲಿ ನಾಟಿ ಮಾಡಿದವರು, ಕಳೆ ಕಿತ್ತವರು ಹೆಂಗಸರಾದರೂ ಪಹಣಿಯಲ್ಲಿ ಹೆಚ್ಚಾಗಿ ಬಂದದ್ದು ಮನೆಯ ಗಂಡಸಿನ ಹೆಸರು. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಎಂದಿತು. ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. 1933ರ ಗಡಿಗೆರೆಯೇ ಅರವತ್ತು ವರ್ಷ ದಾಟಿ ಮತ್ತೆ ಬಂದಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯಾದವರು ಆಗದವರು ಎಂಬ ಭೇದವನ್ನು ತೆಗೆದುಹಾಕಿತು. ತಂದೆ ಆ ದಿನ ಬದುಕಿರಬೇಕೇ ಬೇಡವೇ ಎಂಬ ವಾದಕ್ಕೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆಯಿತು: ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು.

ಇಂದು ಬೆಳ್ಳಿಮೋಡದಂಥ ಮನೆಯಲ್ಲಿ ತಮ್ಮ ಹುಟ್ಟಿದರೆ ಪಿತ್ರಾರ್ಜಿತದಲ್ಲಿ ಅಕ್ಕನ ಪಾಲು ಅವನ ಪಾಲಿನಷ್ಟೇ. ಆದರೂ ನಮ್ಮ ಸೀಮೆಯಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಉಪನೋಂದಣಿ ಕಚೇರಿಗೆ ಕರೆಸಿ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸುವ ರೂಢಿ ನಿಂತಿಲ್ಲ. ತವರಿನ ಬಾಗಿಲು ಮುಚ್ಚಬಾರದೆಂದು ಅವರು ಓದದೆ ರುಜು ಹಾಕುತ್ತಾರೆ. ಈ ಲೇಖನ ಓದುವ ಅಕ್ಕತಂಗಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಪತ್ರ ಮುಂದಿಟ್ಟಾಗ ಪೂರ್ತಿ ಓದಿ, ತಿಳಿದವರನ್ನು ಕೇಳಿ, ಆಮೇಲೆ ನಿಮ್ಮ ಮನಸ್ಸಿಗೆ ಬಂದದ್ದನ್ನು ಮಾಡಿ. ಅಣ್ಣತಮ್ಮಂದಿರಾದ ನಾವು ಅಷ್ಟು ಹೊತ್ತು ಹೊರಗೆ ಕಾಯೋಣ.